ಇನಂ

ಉಪ್ಪಳ ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ.
ಪ್ರತಿಗೆ ಎರಡು ರೂಪಾಯಿ,
ಮಲಯಾಳದ ಫಾರಂ ತುಂಬಿಕೊಟ್ಟರೆ ಇಪ್ಪತ್ತು,
ಗುರ್ತದವರಾದರೆ ಒಂದು ಚಹಾ.

ಹೆದ್ದಾರಿಗೆಂದು ಮೀನಂಗಡಿ ಕೆಡವಿದ ವಾರ
ಯಂತ್ರದ ಅಡಿಯ ಬಿಸಿಗೆ ಬಂದು ಮಲಗಿದ ಇವನು.
ಮೈಯೆಲ್ಲ ಬಿಳಿ, ಮುಂಗಾಲೆರಡು ಮಾತ್ರ
ಈಗಷ್ಟೇ ಕಪ್ಪು ಪುಡಿ ತುಳಿದು ಬಂದ ಹಾಗೆ.
ಟೋನರ್ ಎಂದು ಕರೆದೆ.
ತಿರುಗಿ ನೋಡಲಿಲ್ಲ. ಒಪ್ಪಿಗೆ ಎಂದುಕೊಂಡೆ.

ಅತ್ತೆಗೆ ಬೆಕ್ಕೆಂದರೆ ಬೆಕ್ಕು:
ಒಲೆಯ ಬೂದಿ, ಬೂತಾಯಿಯ ತಲೆ,
ಸಾಯುವಾಗ ಮನೆಬಿಟ್ಟು ಹೋಗುವ ಮರ್ಯಾದೆ.
ಆಚೆಮನೆ ಮೈಮೂನಾಳಿಗೆ ಹಾಗಲ್ಲ.
ಅವಳ ಲೂಲೂ ಶಾರ್ಜಾದಿಂದ ವಿಮಾನದಲ್ಲಿ ಇಳಿದವಳು, ಪರ್ಷಿಯನ್.
ಯಾರೋ ಗುದ್ದಿದಂತೆ ಮೂಗು ಮುಖದೊಳಗೆ ಹೋಗಿ ಕೂತಿದೆ,
ಕಣ್ಣೀರು ಇಳಿದಿಳಿದು ಕೆನ್ನೆಗೆ ಕಂದು ಗೆರೆ.
ಬೆಳಿಗ್ಗೆ ಬಿಸಿನೀರಲ್ಲಿ ಅದ್ದಿದ ಹತ್ತಿ, ಸಂಜೆ ಉಕ್ಕಿನ ಬಾಚಣಿಗೆ;
ಒಂದು ದಿನ ತಪ್ಪಿದರೆ ಬಗಲಲ್ಲಿ ಗಂಟು,
ನಾಲ್ಕು ದಿನ ತಪ್ಪಿದರೆ ಗಂಟಿನಡಿ ಹುಣ್ಣು.
"ಚಂದಕ್ಕೆಂದು ಮನುಷ್ಯರು ಮಾಡಿಟ್ಟ ಮುಖ ಮಾರಾಯ್ತಿ,
ಉಸಿರಾಡುವ ಕಷ್ಟ ಮಾತ್ರ ಇವಳದ್ದು."

ನನಗೂ ಆಸೆ ಹುಟ್ಟಿತು, ಹೇಳಲಿಕ್ಕೆ ನಾಚಿಕೆ ಏನು.
ಲೂಲೂ ತಿನ್ನುವ ಪ್ಯಾಕೆಟನ್ನೇ ಮಂಗಳೂರಿಂದ ತರಿಸಿದೆ.
ಹಗಲೂ ರಾತ್ರಿ ಅದೇ, ಗರಿಗರಿ, ನಕ್ಷತ್ರದ ಆಕಾರ.
ಬೂತಾಯಿ ನಿಲ್ಲಿಸಿದೆ.
ನೀರಿನ ಬಟ್ಟಲು ಯಾರು ನೋಡಿದರು?

ಶನಿವಾರ ಇವನು ಮರಳ ರಾಶಿಗೆ ಹೋದ, ಬಂದ.
ಮತ್ತೆ ಹೋದ. ಕೂತ. ಕೂತೇ ಇದ್ದ.
ಹೊಟ್ಟೆ ಕಟ್ಟಿದೆ ಎಂದುಕೊಂಡು ಹರಳೆಣ್ಣೆ ಹುಡುಕಿದೆ.
ಭಾನುವಾರ ರಾತ್ರಿ ಅವನ ಕೂಗು ಬೆಕ್ಕಿನದ್ದಾಗಿರಲಿಲ್ಲ,
ತುಕ್ಕು ಹಿಡಿದ ಗೇಟನ್ನು ಯಾರೋ ತೆಗೆದು ಹಾಕಿ ತೆಗೆದು ಹಾಕಿ.
ಜ್ವರವಿರಬೇಕೆಂದು
ಅರ್ಧ ಪಾರಾಸಿಟಮಾಲ್ ಹಾಲಿಗೆ ಅರೆಯುತ್ತಿದ್ದೆ.
"ಕೊಡುಕ್ಕಲ್ಲೇ!"
ಬೇಲಿ ದಾಟಿ ಬಂದ ಮೈಮೂನಾ
ನನ್ನ ಕೈಗೆ ಹೊಡೆದದ್ದು ಅದೊಂದೇ ಸಲ.
ನಮಗೆ ಮದ್ದಂತೆ, ಇವಕ್ಕೆ ಅರ್ಧ ಗುಳಿಗೆಯೂ ವಿಷವಂತೆ.
ಲೋಟ ಉರುಳಿತು, ಹಾಲೆಲ್ಲ ಚಪ್ಪಲಿಯೊಳಗೆ.

ಸೋಮವಾರ ಬಾಗಿಲು ತೆರೆಯುವ ಮೊದಲೇ ಮೃಗಾಶುಪತ್ರಿ.
(ಆ ಬೋರ್ಡಿನ ಭಾಷೆಯಲ್ಲಿ ಬೆಕ್ಕೂ ಒಂದು ಮೃಗ;
ನನ್ನ ಕನ್ನಡದಲ್ಲಿ ಮೃಗವಾಗಲು ಕಾಡಾದರೂ ಬೇಕು.)
ಮುಂದೆ ಒಂದು ಆಡು, ಹಿಂದೆ ಚೀಲದಲ್ಲಿ ಕೋಳಿ,
ನಡುವೆ ಲೂಲೂವಿನ ಬುಟ್ಟಿಯಲ್ಲಿ ಟೋನರ್,
ಅವಳ ವೆಲ್ವೆಟ್ಟಿನ ಮೇಲೆ.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು.
"ಕಿತ್ತಳೆಯಷ್ಟಾಗಿದೆ ಮೂತ್ರಕೋಶ.
ಗಂಡು ಬೆಕ್ಕಿನ ದಾರಿ ಸಪೂರ, ಹರಳು ಕೂತರೆ ಮುಗಿಯಿತು.
ನಾಳೆ ಬಂದಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ."
ದಾರದಷ್ಟು ತೆಳ್ಳಗಿನ ನಳಿಗೆ.
ನಾನು ಕ್ಯಾಲೆಂಡರಿನ ಹಸುವನ್ನೇ ನೋಡುತ್ತ ನಿಂತೆ
ಸ್ಟೀಲಿನ ತಟ್ಟೆಗೆ ಸದ್ದು ಬೀಳುವವರೆಗೆ.
ಅಲ್‌ಹಮ್ದುಲಿಲ್ಲಾ ಅಂದಳು ಮೈಮೂನಾ,
ಒಂದು ಲೋಟ ಉಚ್ಚೆಗೆ.

ಕಾರ್ಡು ತುಂಬುವ ಕೆಲಸ ನನಗೇ ಬಂತು, ಅಭ್ಯಾಸ ಉಂಟಲ್ಲ.
ಹೆಸರು. ವಯಸ್ಸು. ಬಣ್ಣ.
ನಾಲ್ಕನೆಯ ಗೆರೆಯಲ್ಲಿ: ಇನಂ.
ತಳಿ ಎಂದರ್ಥ. ಲೂಲೂವಿನ ಕಾರ್ಡಿನಲ್ಲಿ
ಅಲ್ಲಿ ಉದ್ದದ ಪದವುಂಟು.
"ನಾಡನ್" ಅಂದರು ಡಾಕ್ಟರಮ್ಮ. ಊರಿನವನು. ಬರೆದೆ.

ಮನೆಯಲ್ಲಿ ಅತ್ತೆ ಎಲ್ಲವನ್ನೂ ಓದಿಸಿ ಕೇಳಿದರು.
"ಇನಾಮಾ? ಬೆಕ್ಕಿಗೆ ಯಾರು ಕೊಟ್ಟ ಇನಾಮು?"
ತಿದ್ದಲು ಬಾಯಿ ತೆರೆದೆ. ಹಾಗೇ ಮುಚ್ಚಿದೆ.

ಈಗ ಮೂಲೆಮೂಲೆಗೂ ನೀರಿನ ಬಟ್ಟಲು, ದಿನಕ್ಕೆರಡು ಸಲ ಯಾರದ್ದಾದರೂ ಕಾಲು ತಾಗಿ ಚೆಲ್ಲುತ್ತದೆ.
ಉಪ್ಪು ಅರಿಶಿನ ಹಾಕದೆ ಬೇಯಿಸಿದ ಬೂತಾಯಿ,
ಬೆಂದ ನೀರಿನ ಸಮೇತ.
ಮುಳ್ಳು ಬಿಡಿಸುವವರು ಅತ್ತೆ, ಬೈಯುತ್ತಲೇ.
ಅವನು ಮರಳಿಗೆ ಹೋದನೆಂದರೆ
ಮೂರು ಹೆಂಗಸರು ಕೈಯ ಕೆಲಸ ಬಿಟ್ಟು ಕಿವಿಗೊಡುತ್ತೇವೆ.
"ಒದ್ದೆಯಾಗಿದೆ!" ಎಂದು ಅತ್ತೆ ಕೂಗುತ್ತಾರೆ,
ಬೇಲಿಯಾಚೆಗೂ ಕೇಳಲಿ ಎಂದು.